ತುಕ್ಕು ಹಿಡಿದ ನಟ್ಟಿನ ಸಹವಾಸ

ಎಫ್‌ಸಿಗೆ (ಫಿಟ್ನೆಸ್ ತಪಾಸಣೆಗೆ) ಮುಂಚೆ ಲಾರಿಯ ಅಡಿಗೆಲ್ಲ ಕಪ್ಪು ಬಣ್ಣ ಹೊಡೆಯುವ ಪುಣ್ಯಾತ್ಮರೇ, ನಟ್ಟುಗಳನ್ನಾದರೂ ಬಿಟ್ಟು ಹೊಡೀರಪ್ಪ! ಹಳೇ ಲಾರಿಯ ಹಿಂದಿನ ಆಕ್ಸಲ್‌ಗೆ ಹೊಸ ಯು-ಬೋಲ್ಟ್ (ಆಕ್ಸಲ್ಲನ್ನು ಕಮಾನು ಪಟ್ಟಿಗೆ, ಅಂದರೆ ಸ್ಪ್ರಿಂಗಿಗೆ, ಬಿಗಿಯುವ ಯು ಆಕಾರದ ಬೋಲ್ಟ್) ಹಾಕಿಸಲು ಹೊಸಪೇಟೆ ರಸ್ತೆಯ ಗ್ಯಾರೇಜಿಗೆ ಬಿಟ್ಟಿದ್ದೇನೆ. ಮೇಲೆ ಬಣ್ಣ, ಅದರಡಿ ಸಂಡೂರಿನ ಕೆಂಪು ಅದಿರು ಧೂಳು, ಅದರಡಿ ತುಕ್ಕು. ಆ ಧೂಳು ಮಳೆನೀರು ಹೀರಿ ಅಲ್ಲೇ ಕೂತುಬಿಡುತ್ತದೆ. ನಟ್ಟಿನ ಆರು ಮೂಲೆಯೂ ಸವೆದು ಗುಂಡಗಾಗಿವೆ, ಬಾಕ್ಸ್ ಸ್ಪ್ಯಾನರ್ ಸುಮ್ನೆ ತಿರುಗುತ್ತದೆ. ಡೀಸೆಲ್ ಸುರಿದಿದ್ದಾಯ್ತು, ಸ್ಪ್ಯಾನರಿಗೆ ಪೈಪ್ ಸಿಗಿಸಿ ಇಬ್ಬರು ಜೋತುಬಿದ್ದಿದ್ದೂ ಆಯ್ತು. ಕೊನೆಗೆ ಗ್ಯಾಸ್ ಕಟ್ಟಿಂಗ್. ಅದೂ ಹುಷಾರಾಗಿ. ಕಮಾನು ಪಟ್ಟಿಗೆ ಕಾವು ಜಾಸ್ತಿ ತಾಗಿದರೆ ಉಕ್ಕಿನ ಹದವೇ ಹೋಗುತ್ತದೆ.

ಇಷ್ಟಾದ ಮೇಲೆ ಸ್ಪೇರ್ ಅಂಗಡಿಯವನ ಉಪದೇಶ: "ಅಣ್ಣಾ, ಕತ್ತರಿಸಿದವು ಎರಡೇ ಹೊಸದು ಹಾಕ್ರಿ, ಉಳಿದವು ಗಟ್ಟಿ ಅದಾವ." ಬಿಗಿದ ಯು-ಬೋಲ್ಟ್ ಸ್ವಲ್ಪ ಎಳೆದುಕೊಂಡಿರುತ್ತದೆ, ಬಿಚ್ಚಿದ ಮೇಲೆ ಮತ್ತೆ ಹಾಕಬಾರದು. ಸಡಿಲಾದರೆ ಪಟ್ಟಿಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜರುಗುತ್ತದೆ. ಅವನಿಗೇನು, ಘಾಟಿ ಇಳಿಸುವವನು ನಾನು ಅಲ್ವಾ? ಇನ್ನು ಲೋಡ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು ಅಂದರೆ ಮೆಕ್ಯಾನಿಕ್ ನಗುತ್ತಾನೆ. "ಒಮ್ಮೆ ಬಿಗಿದ್ರ ಮುಗೀತಣ್ಣ!"