ಸಿಮ್ಯುಲೇಷನ್ ಪಾಸಾದ್ರೆ ಬೋರ್ಡ್ ಪಾಸ್ ಅಂತಲ್ಲ

"ಕಂಪ್ಯೂಟರಲ್ಲಿ ಸರ್ಕ್ಯೂಟ್ ಓಡಿದ್ರೆ ಸಾಕು, ಬ್ರೆಡ್‌ಬೋರ್ಡ್ ಬೇಡ, ನೇರ ಪಿಸಿಬಿ ಮಾಡಿ" ಅಂತ ನಮ್ ಶಿವಮೊಗ್ಗ ಕಡೆ ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಅದು ಅರ್ಧ ಸತ್ಯ ಅಷ್ಟೇ (ಬ್ರೆಡ್‌ಬೋರ್ಡ್ ಅಂದ್ರೆ ಬೆಸುಗೆ ಇಲ್ದೆ ಪಾರ್ಟ್ಸ್ ಚುಚ್ಚಿ ನೋಡೋ ತೂತಿನ ಹಲಗೆ, ಪಿಸಿಬಿ ಅಂದ್ರೆ ತಾಮ್ರದ ಗೆರೆಗಳಿರೋ ಕಾಯಂ ಬೋರ್ಡ್). ತೀರ್ಥಹಳ್ಳೀಲಿ ತೋಟದ ಮೋಟರಿಗೆ ಅಂತ ನಾನೇ 555 ಚಿಪ್ ಹಾಕಿ, ಹೊತ್ತಾದ್ಮೇಲೆ ತಾನೇ ಆಫ್ ಮಾಡೋ ಟೈಮರ್ ಮಾಡಿದ್ದೆ, 1 ಮೆಗಾಓಮ್ ರೆಸಿಸ್ಟರ್ (ಆರ್), 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಸಿ), ಲೆಕ್ಕಕ್ಕೆ 1.1×ಆರ್×ಸಿ ಅಂದ್ರೆ 1100 ಸೆಕೆಂಡು, ಎಲ್‌ಟಿಸ್ಪೈಸ್ ಅನ್ನೋ ಸಿಮ್ಯುಲೇಷನ್ ಸಾಫ್ಟ್‌ವೇರಲ್ಲೂ ಹದಿನೆಂಟು ನಿಮಿಷ ಚಿಲ್ರೆ ಕರೆಕ್ಟಾಗಿ ಬಂತು. ತಾಮ್ರ ಕರಗಿಸೋ ಫೆರಿಕ್ ಕ್ಲೋರೈಡಲ್ಲಿ ಕೈ ಹಳದಿ ಮಾಡ್ಕೊಂಡು ಬೋರ್ಡ್ ಮಾಡಿ ಹಚ್ಚಿದ್ರೆ ಮುಕ್ಕಾಲು ಗಂಟೆಯಾದ್ರೂ ಮೋಟರ್ ಆಫ್ ಇಲ್ಲ! ಯಾಕಂದ್ರೆ ನಾನು ಸಿಮ್ಯುಲೇಷನಲ್ಲಿ ಹಾಕಿದ್ದು ಕರೆಂಟ್ ಸೋರೋದೇ ಇಲ್ದಿರೋ ಐಡಿಯಲ್ ಕೆಪಾಸಿಟರ್, ನಿಜವಾದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಸೋರತ್ತೆ, ಆ ರೆಸಿಸ್ಟರಿಂದ ಬರೋ ನಾಲ್ಕೈದು ಮೈಕ್ರೋಆಂಪ್ ಆ ಸೋರಿಕೆಗೇ ಖರ್ಚು, ಟೈಮರ್ ಆಫ್ ಆಗೋಷ್ಟು ಕೆಪಾಸಿಟರ್ ತುಂಬೋದೇ ಇಲ್ಲ. ಮೇಲಿಂದ ಆಷಾಢದ ಥಂಡಿ, ಬೆಸುಗೆ ಹಾಕಿ ಒರೆಸದೆ ಬಿಟ್ಟ ಫ್ಲಕ್ಸ್ ಅಂಟು ಬೇರೆ, ಅವೂ ಕರೆಂಟ್ ಸೋರಿಸ್ತಾವೆ. ಸಿಮ್ಯುಲೇಷನ್ ಬಿಡಿ ಅಂತಿಲ್ಲ, ವ್ಯಾಲ್ಯೂ ತಪ್ಪಿದ್ರೆ ಅಲ್ಲೇ ಸಿಗತ್ತೆ, ಆದ್ರೆ ತಾಮ್ರ ಕರಗಿಸೋ ಮೊದ್ಲು ಅದೇ ಪಾರ್ಟ್ಸ್ ಬ್ರೆಡ್‌ಬೋರ್ಡಿಗೆ ಚುಚ್ಚಿ ಒಂದ್ಸಲ ನೋಡಿ.