ಒಳಗೆ ಬಾ ಅನ್ನಬಾರದಾ ಪಾಪ

ಒಂದು ಸಿನಿಮಾ ಹಾರರ್ರೋ ಥ್ರಿಲ್ಲರ್ರೋ ಅಂತ ಡೈರೆಕ್ಟರ್ ಡಿಸೈಡ್ ಮಾಡ್ತಾನೆ ಅಂತ ನೀವು ನಂಬ್ಕೊಂಡಿದ್ರೆ, ನೀವು ನಮ್ಮಮ್ಮನ ಪಕ್ಕ ಕೂತು ಯಾವತ್ತೂ ಸಿನಿಮಾ ನೋಡಿಲ್ಲ ಅಂತ ಅರ್ಥ. ಅದೆಲ್ಲ ಪಕ್ಕದಲ್ಲಿ ಕೂತೋರ ಕೈಲಿರತ್ತೆ ಸ್ವಾಮಿ.

2025ರಲ್ಲಿ ಬಂದ 'ವೆಪನ್ಸ್' ತಗೊಳ್ಳಿ. ಝ್ಯಾಕ್ ಕ್ರೆಗರ್ ಮಾಡಿರೋದು. ಒಂದೇ ಕ್ಲಾಸಿನ 17 ಮಕ್ಕಳು ರಾತ್ರಿ 2:17ಕ್ಕೆ ಹಾಸಿಗೆಯಿಂದ ಎದ್ದು, ತಾವೇ ಬಾಗಿಲು ತೆಗೆದು, ಎರಡೂ ಕೈ ಪಕ್ಕಕ್ಕೆ ಚಾಚ್ಕೊಂಡು ಕತ್ತಲಲ್ಲಿ ಓಡಿ ಹೋಗ್ತಾರೆ, ಮತ್ತೆ ಕಾಣ್ಸಲ್ಲ. ಆ ಕ್ಲಾಸಲ್ಲಿ ಉಳಿಯೋದು ಒಬ್ಬ ಹುಡುಗ ಮಾತ್ರ. ಆ ಓಡೋ ಸೀನ್ ಇದ್ಯಲ್ಲ, ರಕ್ತ ಇಲ್ಲ, ಕಿರುಚಾಟ ಇಲ್ಲ, ಆದ್ರೂ ನಂಗೆ ಮೈ ಜುಂ ಅಂತು. ಅಷ್ಟ್ರಲ್ಲಿ ಪಕ್ಕದಿಂದ ಬಂತು.

"ಬಾಗಿಲಿಗೆ ಮೇಲಿನ ಬೋಲ್ಟ್ ಹಾಕಿರ್ಲಿಲ್ವಾ?"

"ಸುಮ್ನೆ ನೋಡಮ್ಮ."

"ಅಲ್ಲ ಕಣೋ, ಹದಿನೇಳು ಮನೆ. ಒಂದು ಮನೇಲಾದ್ರೂ ಬೋಲ್ಟ್ ಬೇಡ್ವಾ?"

ಅಲ್ಲಿಗೆ ಮುಗೀತು. ಆಮೇಲೆ ಎಷ್ಟು ಹೆದರ್ಬೇಕು ಅಂತ ಪ್ರಯತ್ನ ಪಟ್ರೂ ನನ್ನ ಕಣ್ಣು ಬರೀ ಬಾಗಿಲುಗಳ ಮೇಲೇ ಹೋಗ್ತಿತ್ತು. ಸ್ಕೂಲ್ ಮೀಟಿಂಗಲ್ಲಿ ಪೇರೆಂಟ್ಸ್ ಎಲ್ಲ ಸೇರ್ಕೊಂಡು ಟೀಚರ್ ಮೇಲೆ ಕೂಗಾಡ್ತಾರೆ, ಅಮ್ಮ ಪೂರ್ತಿ ಟೀಚರ್ ಪಾರ್ಟಿ, "ಅವ್ಳೇನ್ ಮಾಡ್ತಾಳೆ, ಇವ್ರು ಬೋಲ್ಟ್ ಹಾಕ್ದೆ ಮಲ್ಕೊಂಡು." ಒಬ್ಬ ಅಪ್ಪ ಬಾಗಿಲ ಹತ್ರ ಇದ್ದ ಕ್ಯಾಮೆರಾ ಫುಟೇಜ್ ನೋಡಿ ಮಕ್ಕಳು ಯಾವ ದಿಕ್ಕಿಗೆ ಓಡಿದ್ರು ಅಂತ ಲೆಕ್ಕ ಹಾಕ್ತಾನೆ, ಸಿನಿಮಾದಲ್ಲಿ ಎಂಥಾ ಟೆನ್ಶನ್ ಇರೋ ಜಾಗ ಅದು. "ಕ್ಯಾಮೆರಾ ಹಾಕ್ಸಕ್ಕೆ ದುಡ್ಡಿತ್ತು ನೋಡು," ಅಂದ್ರು ಅಮ್ಮ, ಅಷ್ಟೇ, ಮುಂದೆ ಏನೂ ಹೇಳ್ಲಿಲ್ಲ, ಹೇಳೋ ಅವಶ್ಯಕತೇನೂ ಇರ್ಲಿಲ್ಲ.

ಇನ್ನೊಂದು ಪಜೀತಿ ಏನಂದ್ರೆ ಈ ಸಿನಿಮಾ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಭಾಗ ಅಂತ ಹೋಗತ್ತೆ, ಪ್ರತಿ ಸಲ ಕತೆ ಒಂಚೂರು ಹಿಂದಕ್ಕೆ ಹೋಗಿ ಇನ್ನೊಬ್ಬರ ಕಡೆಯಿಂದ ಶುರುವಾಗತ್ತೆ. ಚೆನ್ನಾಗಿದೆ, ನಂಗಿಷ್ಟ ಆಯ್ತು. ಆದ್ರೆ ಹಿಂದಕ್ಕೆ ಹೋದಾಗೆಲ್ಲ "ಇದು ಆಗ್ಲೇ ಆಯ್ತಲ್ಲೋ, ರಿಮೋಟ್ ಮೇಲೆ ಕೂತಿದೀಯಾ ನೋಡು" ಅಂತ ಎಬ್ಬಿಸಿ ಎಬ್ಬಿಸಿ ಚೆಕ್ ಮಾಡ್ಸಿದ್ರು. ನನ್ ಒಪೀನಿಯನ್ ಕೇಳಿದ್ರೆ ಮೊದಲರ್ಧ ಸೂಪರ್, ಕಾರಣ ಗೊತ್ತಾದ ಮೇಲೆ ಭಯ ಅರ್ಧಕ್ಕರ್ಧ ಇಳಿಯತ್ತೆ, ಕೊನೇಲಂತೂ ನಗು ಬರತ್ತೆ, ಕ್ರೆಗರ್ ಮೊದ್ಲು ಕಾಮಿಡಿ ಟ್ರೂಪಲ್ಲಿದ್ದೋನು, ಬೇಕು ಅಂತಲೇ ಹಂಗ್ ಮಾಡಿರ್ತಾನೆ. ಅಮ್ಮನ ಒಪೀನಿಯನ್ ನಿಮಗೆ ಗೊತ್ತೇ ಇದೆ.

'ಸಿನ್ನರ್ಸ್' ಇದಕ್ಕಿಂತ ದೊಡ್ಡ ಕತೆ. ಅದೂ 2025ರದ್ದೇ, ರಯಾನ್ ಕೂಗ್ಲರ್ ಸಿನಿಮಾ, 1932ರ ಮಿಸಿಸಿಪ್ಪಿ, ಮೈಕೆಲ್ ಬಿ. ಜೋರ್ಡನ್ ಡಬಲ್ ರೋಲು, ಅವಳಿ ಅಣ್ಣತಮ್ಮ. ಇಬ್ರೂ ಸೇರಿ ಒಂದು ಹಾಡು-ಕುಣಿತದ ಜಾಗ ಶುರು ಮಾಡ್ತಾರೆ, ಮೊದಲನೇ ರಾತ್ರೀನೇ ರಕ್ತಪಿಶಾಚಿಗಳು ಬರ್ತವೆ. ಬ್ಲೂಸ್ ಹಾಡೋ ಹುಡುಗನ ದನಿಗೆ ಹಿಂದಿನ ಕಾಲದೋರು ಮುಂದಿನ ಕಾಲದೋರು ಎಲ್ಲ ಒಂದೇ ಕೋಣೇಲಿ ಕುಣಿಯೋ ಸೀನ್ ಒಂದಿದೆ, ಈಚೆಗೆ ನೋಡಿದ್ರಲ್ಲಿ ಅಂಥದ್ದು ಇನ್ನೊಂದಿಲ್ಲ ನಂಗೆ. ಆದ್ರೆ ರೂಲ್ ಏನು? ಒಳಗಿರೋರು ಕರೆಯೋವರೆಗೂ ಪಿಶಾಚಿ ಹೊಸ್ತಿಲು ದಾಟೋ ಹಂಗಿಲ್ಲ. ಹಾಗಾಗಿ ವಾದ್ಯ ಹಿಡ್ಕೊಂಡು ಹೊಸ್ತಿಲ ಹೊರಗೆ ನಿಂತು ನಯವಾಗಿ ಕೇಳ್ಕೊಳ್ತಾನೆ ಆ ಪಿಶಾಚಿಗಳ ಲೀಡರು, ಒಳಗಿರೋರು ಅನುಮಾನದಿಂದ ನೋಡ್ತಾ ನಿಂತಿರ್ತಾರೆ, ನಾನು ಉಗುರು ಕಚ್ಕೊಂಡು ಕೂತಿದೀನಿ, ಅಮ್ಮನಿಗೆ ತಡೀಲಿಲ್ಲ. "ಇಷ್ಟೊತ್ತಾದ್ರೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ತಾರಲ್ಲೋ, ಒಳಗೆ ಬಾ ಅನ್ನಬಾರದಾ ಪಾಪ!"

ನಮ್ಮನೆಗೆ ಪಿಶಾಚಿ ಬಂದ್ರೆ ಮೊದಲನೇ ನಿಮಿಷಕ್ಕೇ ಸಿನಿಮಾ ಮುಗಿಯತ್ತೆ.

ಅಪ್ಪನ ಜೊತೆ ಹಾರರ್ ನೋಡಬಹುದು, ಏನೂ ತೊಂದ್ರೆ ಇಲ್ಲ. ರೊಮ್ಯಾನ್ಸ್ ನೋಡಬಾರದು. ನಮ್ಮಕ್ಕ ಎಲ್ಲೋ ಕೇಳಿದ್ಲು, 'ಅನೋರಾ'ಗೆ 5 ಆಸ್ಕರ್ ಬಂದಿದೆ, ಶ್ರೀಮಂತ ಹುಡುಗ, ಬಡವರ ಮನೆ ಹುಡುಗಿ, ಅವಸರದ ಮದುವೆ. "ಅಪ್ಪಾ ಬನ್ನಿ, ಒಳ್ಳೆ ಲವ್ ಸ್ಟೋರಿ ಅಂತೆ." ಹುಡುಗಿ ಯಾವ ಕೆಲಸ ಮಾಡ್ತಾಳೆ ಅನ್ನೋದನ್ನ ಮಾತ್ರ ಯಾರೂ ಅವಳಿಗೆ ಹೇಳಿರ್ಲಿಲ್ಲ. ಸಿನಿಮಾ ಅದನ್ನ ಮೊದಲನೇ ಶಾಟಲ್ಲೇ ಹೇಳ್ಬಿಡತ್ತೆ. ಅಕ್ಕ ಗಾಬರೀಲಿ ರಿಮೋಟ್ ಕಿತ್ಕೊಂಡು ಹತ್ತು ಸೆಕೆಂಡ್ ಮುಂದೆ ಓಡಿಸೋ ಬಟನ್ ಅಂತ ಹಿಂದೆ ಓಡಿಸೋದನ್ನ ಒತ್ತಿದ್ಲು, ಮತ್ತೆ ಅದೇ ಬಂತು, ಇನ್ನೂ ಗಾಬರಿಯಾಗಿ ಒತ್ತಿದ್ಲು ನೋಡಿ, ಪಾಝ್ ಆಗಿ ನಿಂತೇ ಹೋಯ್ತು, ಅದೂ ಎಂಥಾ ಫ್ರೇಮಲ್ಲಿ. ಅಪ್ಪ ನಿಧಾನಕ್ಕೆ ಎದ್ದು "ನಲ್ಲಿ ತೊಟ್ಟಿಕ್ತಿದೆ ಅನ್ಸತ್ತೆ" ಅಂತ ಬಚ್ಚಲ ಕಡೆ ಹೋದ್ರು, ಆಮೇಲೆ ಎಷ್ಟೊತ್ತಾದ್ರೂ ಬರ್ಲಿಲ್ಲ. ಪಾಪ, ಅವರು ಮಿಸ್ ಮಾಡ್ಕೊಂಡಿದ್ದು ಒಳ್ಳೆ ಸಿನಿಮಾನೇ, ಹುಡುಗನ ಕಡೆಯೋರು ಮದುವೆ ಮುರಿಯಕ್ಕೆ ಮನೆಗೆ ನುಗ್ಗಿ ತಾವೇ ಒದೆ ತಿನ್ನೋ ಜಾಗ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ರು.

ಡ್ರಾಮಾ ಬಗ್ಗೆ ಜಾಸ್ತಿ ಹೇಳಲ್ಲ. 'ದಿ ಬ್ರೂಟಲಿಸ್ಟ್' ಮೂರೂವರೆ ಗಂಟೆ ದಾಟತ್ತೆ, ಮಧ್ಯ 15 ನಿಮಿಷ ಇಂಟರ್ವಲ್ಲು, ಆಗ ಪರದೆ ಮೇಲೆ ಒಂದು ಹಳೇ ಮದುವೆ ಫೋಟೋ ನಿಂತಿರತ್ತೆ. ನನ್ ಫ್ರೆಂಡು ಥಿಯೇಟರಲ್ಲಿ ಒಳ್ಳೆ ನಿದ್ದೆಯಿಂದ ಎದ್ದು, ಮದುವೆ ಫೋಟೋ ನೋಡಿ, ಓ ಶುಭಂ ಅನ್ಕೊಂಡು ಸೀದಾ ಮನೆಗೆ ಹೋಗ್ಬಿಟ್ಟ. ಈಗ್ಲೂ ಸಿಕ್ಕೋರಿಗೆಲ್ಲ ಸುಖಾಂತ್ಯ, ಫ್ಯಾಮಿಲಿ ಸಮೇತ ಹೋಗಿ ಅಂತಾನೆ.

ಥ್ರಿಲ್ಲರ್ ಶತ್ರು ನಮ್ ಭಾವ. 2024ರ 'ಕಾನ್‌ಕ್ಲೇವ್', ಹೊಸ ಪೋಪ್ ಆರಿಸಕ್ಕೆ ಚರ್ಚಿನ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳನ್ನೆಲ್ಲ ಒಳಗೆ ಹಾಕಿ ಬೀಗ ಹಾಕ್ತಾರೆ, ಆಮೇಲೆ ಪೂರ್ತಿ ಆಫೀಸ್ ಪಾಲಿಟಿಕ್ಸು, ಏನೇನೋ ಪಿಸುಮಾತು. ಭಾವ ಆಗ್ಲೇ ನೋಡಿದ್ರು. "ನಾನೇನೂ ಹೇಳಲ್ಲಪ್ಪ," ಅಂತ ಶುರು ಮಾಡಿ, ಒಬ್ಬೊಬ್ಬ ಕ್ಯಾಂಡಿಡೇಟ್ ಬಂದಾಗ್ಲೂ "ಇವನ ಬಗ್ಗೆ ತಲೆ ಕೆಡಿಸ್ಕೋಬೇಡಿ" ಅಂತ ಕಳಿಸ್ತಾ ಹೋದ್ರು. ಕೊನೆಗೆ ಭಾವ ಯಾರ ಬಗ್ಗೆ ಬಾಯಿ ಬಿಡ್ಲಿಲ್ವೋ ಅವರೇ ಪೋಪು.

ಆದ್ರೂ ಅಮ್ಮನಿಗೆ ಆ ಸಿನಿಮಾ ಮನಸಲ್ಲೇ ಉಳ್ಕೊಂಡಿತ್ತು. 2025ರ ಮೇ ತಿಂಗಳಲ್ಲಿ ನಿಜವಾದ ಆಯ್ಕೆ ನಡೀತು, ಹೊಸ ಪೋಪ್ ಸಿಕ್ಕಿದ್ರು ಅಂತ ಚಿಮಣೀಲಿ ಬಿಳಿ ಹೊಗೆ ಬಂತು, ಪೋಪ್ ಲಿಯೋ ಬಾಲ್ಕನಿಗೆ ಬಂದು ಕೈ ಬೀಸ್ತಿದ್ರೆ ಅಮ್ಮ ನ್ಯೂಸನ್ನೇ ದಿಟ್ಟಿಸಿ ನೋಡಿ ನಂಗೆ ಮೊಣಕೈಲಿ ತಿವಿದ್ರು.

"ಇವರಲ್ವಲ್ಲೋ. ನಾವು ನೋಡಿದಾಗ ಬೇರೆಯೋರು ಗೆದ್ದಿದ್ರು."