ಸೊಂಟದ ಪಕ್ಕದ ನೋವಿಗೆ ಮೊದಲು ಸೂಜಿ ಯಾಕೆ?

ದಿನಾ ಓಡುವವರು, ಬಿರುಸಾಗಿ ನಡೆಯುವವರು ಸೊಂಟದ ಪಕ್ಕದಲ್ಲಿ ನೋವು ಅಂದರೆ, ಕರ್ನಾಟಕದಲ್ಲಿದ್ದಾಗ ನನ್ನ ಕಿವಿಗೆ ಬೀಳುತ್ತಿದ್ದ ಸಲಹೆ ಹೆಚ್ಚಾಗಿ ಒಂದೇ. ಸ್ಕ್ಯಾನ್ ಮಾಡಿಸಿ, ರೆಸ್ಟ್ ತಗೊಳ್ಳಿ, ಹೋಗದಿದ್ದರೆ ಇಂಜೆಕ್ಷನ್. ಹೊರಗೆ ಬಂದ ಮೇಲೆ ಇನ್ನೊಂದು ದಾರಿ ನೋಡಿದೆ. ನನಗೆ ಅದೇ ಸರಿ ಅನಿಸುತ್ತದೆ.

ಇಲ್ಲಿ ಫಿಸಿಯೋಥೆರಪಿಸ್ಟ್ ಮೊದಲು ತೊಡೆಯ ಹೊರಬದಿಯಲ್ಲಿ, ಮೇಲ್ಗಡೆ ಕೈಗೆ ಸಿಗುವ ಮೂಳೆಯ ಉಬ್ಬನ್ನು ಒತ್ತಿ ನೋಡುತ್ತಾರೆ. ಆಮೇಲೆ ನೋವಿರುವ ಕಾಲೊಂದರ ಮೇಲೆ 30 ಸೆಕೆಂಡ್ ನಿಲ್ಲಿಸುತ್ತಾರೆ. ಅದೇ ಜಾಗದಲ್ಲಿ ನೋವು ಎದ್ದರೆ, ಆ ಉಬ್ಬಿಗೆ ಅಂಟಿಕೊಂಡಿರುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿಯ ಮೇಲೆ ಅನುಮಾನ ಬಲವಾಗುತ್ತದೆ. ನೋವೇ ಇಲ್ಲದವರ ಎಂಆರ್‌ಐನಲ್ಲೂ ಟೆಂಡನ್ ಕೆಟ್ಟಂತೆ ಕಾಣುವುದುಂಟು. ಬರೀ ಚಿತ್ರ ನಂಬಿದರೆ ಹೇಗೆ? ಹಾಗಂತ ಸ್ಕ್ಯಾನ್ ಬೇಡವೇ ಬೇಡ ಅಂತಲ್ಲ. ಓಟಗಾರರಿಗೆ ತೊಡೆಸಂದಿನಲ್ಲಿ ನೋವಿದ್ದು, ಕಾಲೂರಿದಾಗ ಜಾಸ್ತಿಯಾದರೆ ಮೂಳೆಯಲ್ಲೇ ಬಿರುಕಿರಬಹುದು. ಆಗ ತಡ ಮಾಡಲೇಬಾರದು.

ಹಿಂದೆ ಇಂಥ ನೋವಿಗೆಲ್ಲ ಬರ್ಸೈಟಿಸ್, ಅಂದರೆ ಮೂಳೆಯ ಬಳಿಯ ದ್ರವದ ಚೀಲದ ಉರಿಯೂತ, ಅನ್ನುತ್ತಿದ್ದರು. ಉರಿಯೂತ ಅಂದ ಮೇಲೆ ಸ್ಟೀರಾಯ್ಡ್ ಸೂಜಿ, ಅಲ್ವಾ? ಆದರೆ ಆಸ್ಟ್ರೇಲಿಯಾದಲ್ಲಿ ಇಂಥ ಟೆಂಡನ್ ನೋವಿದ್ದ 204 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 8 ವಾರಗಳ ನಂತರ, ತಿಳಿವಳಿಕೆಯ ಜೊತೆ ಕಸರತ್ತು ಮಾಡಿದವರಲ್ಲಿ ಸುಮಾರು 77% ಮಂದಿ ಚೇತರಿಸಿಕೊಂಡೆವು ಎಂದರು. ಇಂಜೆಕ್ಷನ್ ಪಡೆದವರಲ್ಲಿ 58%, ಸುಮ್ನೆ ಕಾದವರಲ್ಲಿ 29%.

ಆ ತಿಳಿವಳಿಕೆಯೇ ನಮ್ಮಲ್ಲಿ ಸಿಗುವುದು ಕಡಿಮೆ. ಕಾಲ ಮೇಲೆ ಕಾಲು ಹಾಕಿ ಕೂತರೆ, ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ವಾಲಿಸಿ ನಿಂತರೆ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ. ಒಳ್ಳೆಯದು ಅಂತ ಮಾಡುವ ಪಕ್ಕದ ಸ್ಟ್ರೆಚ್ ಕೂಡ ಹಾಗೇ ಒತ್ತುತ್ತದೆ. ರಾತ್ರಿ ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಎಷ್ಟೋ ಮಂದಿಗೆ ಹಾಯೆನಿಸುತ್ತದೆ. ಇದನ್ನು ಹೇಳಲು ಯಾವ ಯಂತ್ರ ಬೇಕು?

ಕಸರತ್ತು ಅಂದರೆ ಬೆವರು ಹರಿಸುವುದಲ್ಲ. ಅಂಗಾತ ಮಲಗಿ ಸೊಂಟ ಎತ್ತುವುದು, ನಿಧಾನವಾಗಿ ಅರ್ಧ ಬಸ್ಕಿ, ಆಮೇಲೆ ಸ್ವಲ್ಪ ಸ್ವಲ್ಪ ಭಾರ. ಮಾಡುವಾಗ ಅಲ್ಪ ನೋವಾದರೆ ಪರವಾಗಿಲ್ಲ. ಆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಹೆಚ್ಚಾದರೆ ಭಾರ ಇಳಿಸಬೇಕು. ಓಟವನ್ನೂ ಪೂರ್ತಿ ಬಿಡಬೇಕೆಂದಿಲ್ಲ, ದೂರ ಮತ್ತು ಏರು ತಗ್ಗಿಸಿದರೆ ಎಷ್ಟೋ ಸಲ ಸಾಕು. ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು, ಸೂಜಿಯ ಹಾಗೆ ಬೇಗ ಮುಗಿಯುವುದಿಲ್ಲ. ಆದ್ದರಿಂದ ರೆಸ್ಟ್ ಅಂದಾಗ ತಲೆಯಾಡಿಸಿ ಎದ್ದು ಬರಬೇಡಿ. ಯಾವ ಕಸರತ್ತು, ಎಷ್ಟು, ಯಾವಾಗ ಏರಿಸಬೇಕು ಅಂತ ಅಲ್ಲೇ ಕೇಳಿ.